ಹತ್ತಿರದ್ದು ಮೊದಲೋ, ದೂರದ್ದು ಮೊದಲೋ?



ರವಿವಾರ ಬೆಳಗ್ಗೆ ಅವ್ವ ನಿಮಗೆ ನಾಲ್ಕು ಕೆಲಸ ಹೇಳುತ್ತಾಳೆ ಎಂದುಕೊಳ್ಳಿರಿ. ಡೇರಿಗೆ ಹಾಲು ಹಾಕಬೇಕು. ಕಿರಾಣಿ ಅಂಗಡಿಯಿಂದ ಬೆಲ್ಲ ತರಬೇಕು. ಅಜ್ಜನ ಔಷಧಿ ತರಬೇಕು. ಗಿರಣಿಯಲ್ಲಿ ಜೋಳ ಬೀಸಿಸಿಕೊಂಡು ಬರಬೇಕು. ನೀವು ಏನು ಮಾಡುತ್ತೀರಿ? ಜಾಣರಾದರೆ ಮೊದಲು ಜೋಳದ ಡಬ್ಬಿಯನ್ನು ಗಿರಣಿಯಲ್ಲಿ ಸರದಿಗೆ ಇಡುತ್ತೀರಿ. ಹಿಟ್ಟು ಆಗುವಷ್ಟರಲ್ಲಿ ಉಳಿದ ಮೂರು ಕೆಲಸ ಮುಗಿಸುತ್ತೀರಿ. ಬರುವಾಗ ಹಿಟ್ಟು ತೆಗೆದುಕೊಂಡು ಮನೆ ಸೇರುತ್ತೀರಿ. ಕೆಲಸಗಳು ಅವೇ ನಾಲ್ಕು. ಆದರೆ ಕ್ರಮ ಬದಲಾದುದರಿಂದ ಗಿರಣಿಯ ಮುಂದೆ ಸುಮ್ಮನೆ ಕಾಯುವುದು ತಪ್ಪಿತು.

ಇರುವ ಸಮಯ, ಇರುವ ಹಣ, ಇರುವ ಸಾಮಾನು ಇವುಗಳಲ್ಲಿಯೇ ಎಲ್ಲಕ್ಕಿಂತ ಒಳ್ಳೆಯ ರೀತಿಯಲ್ಲಿ ಕೆಲಸ ಮಾಡುವುದು ಹೇಗೆ? ಇದನ್ನು ಲೆಕ್ಕದಿಂದ ಕಂಡುಹಿಡಿಯುವ ಒಂದು ಶಾಸ್ತ್ರವೇ ಇದೆ. ಅದರ ಹೆಸರು ಆಪರೇಷನ್ಸ್ ರಿಸರ್ಚ್. ಕನ್ನಡದಲ್ಲಿ ಅದನ್ನು ಕಾರ್ಯಾಚರಣೆ ಸಂಶೋಧನೆ ಎನ್ನುತ್ತಾರೆ. ಹೆಸರು ದೊಡ್ಡದು, ಆದರೆ ಅದರ ಮೊದಲ ಹೆಜ್ಜೆಗಳನ್ನು ನೀವೂ ಇಡಬಲ್ಲಿರಿ. ಬನ್ನಿರಿ, ನೋಡೋಣ.

ಒಂದು ಟ್ಯಾಂಕರ್, ಮೂರು ವಸ್ತಿ

ಸಾಂಗ್ಲಿ ಜಿಲ್ಲೆಯ ಜತ್ತ, ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಮುಂತಾದ ತಾಲೂಕುಗಳಲ್ಲಿ ಮಳೆ ಕಡಿಮೆ. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಬಾವಿಗಳು ಬತ್ತುತ್ತವೆ. ಆಗ ಎಷ್ಟೋ ಊರುಗಳಿಗೆ ಟ್ಯಾಂಕರಿನ ನೀರೇ ಗತಿ. ಅಂಥ ಒಂದು ಊರನ್ನು ಮನಸ್ಸಿನಲ್ಲಿ ತಂದುಕೊಳ್ಳಿರಿ. ಅಲ್ಲಿ ನೀರಿರುವ ಬಾವಿ ಒಂದೇ. ಟ್ಯಾಂಕರ್ ಕೂಡ ಒಂದೇ. ಅದು ಬಾವಿಯಲ್ಲಿ ನೀರು ತುಂಬಿಕೊಂಡು ಹುಣಸೆ ವಸ್ತಿ, ಬೇವಿನ ವಸ್ತಿ, ಗುಡ್ಡದ ವಸ್ತಿ ಈ ಮೂರೂ ಕಡೆ ನೀರು ಇಳಿಸಿ ಮತ್ತೆ ಬಾವಿಗೆ ಬರಬೇಕು. ದಾರಿಗಳ ದೂರ ಹೀಗಿದೆ:

ಬಾವಿ – ಹುಣಸೆ ವಸ್ತಿ: 2 ಕಿ.ಮೀ.
ಬಾವಿ – ಬೇವಿನ ವಸ್ತಿ: 3 ಕಿ.ಮೀ.
ಬಾವಿ – ಗುಡ್ಡದ ವಸ್ತಿ: 8 ಕಿ.ಮೀ.
ಹುಣಸೆ ವಸ್ತಿ – ಬೇವಿನ ವಸ್ತಿ: 4 ಕಿ.ಮೀ.
ಹುಣಸೆ ವಸ್ತಿ – ಗುಡ್ಡದ ವಸ್ತಿ: 7 ಕಿ.ಮೀ.
ಬೇವಿನ ವಸ್ತಿ – ಗುಡ್ಡದ ವಸ್ತಿ: 9 ಕಿ.ಮೀ.

ಟ್ಯಾಂಕರ್ ಯಾವ ಕ್ರಮದಲ್ಲಿ ಹೋಗಬೇಕು? ಪಂಚಾಯತಿಯ ಕಟ್ಟೆಯ ಮೇಲೆ ಮಾತು ನಡೆಯುತ್ತದೆ.

ಚಾಲಕ ಹೇಳುತ್ತಾನೆ: “ಇದರಲ್ಲಿ ಯೋಚನೆ ಮಾಡುವುದು ಏನಿದೆ? ಹತ್ತಿರದ್ದು ಮೊದಲು ಮುಗಿಸೋಣ. ಅಲ್ಲಿಂದ ಯಾವುದು ಹತ್ತಿರವೋ ಅಲ್ಲಿಗೆ ಹೋಗೋಣ.”

ಗ್ರಾಮಸೇವಕರು ಹೇಳುತ್ತಾರೆ: “ಡೀಸೆಲ್‌ಗೆ ಬಂದ ಹಣ ಕಡಿಮೆ. ಒಟ್ಟು ದೂರ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು.”

ಸರಪಂಚಬಾಯಿ ಹೇಳುತ್ತಾರೆ: “ಡೀಸೆಲ್ ಉಳಿಯಲಿ ಅಣ್ಣಾ, ಬೇಡ ಎನ್ನುವುದಿಲ್ಲ. ಆದರೆ ಕಡೆಯ ವಸ್ತಿಯವರು ಬಿಸಿಲಿನಲ್ಲಿ ಕೊಡ ಹಿಡಿದು ಎಷ್ಟು ಹೊತ್ತು ನಿಲ್ಲಬೇಕು? ಯಾವ ವಸ್ತಿ ಕಡೆಯದಾದರೂ ಆಗಲಿ, ಅದು ಕಾಯುವ ಹೊತ್ತು ಕಡಿಮೆಯಾಗಲಿ.”

ಮೂವರ ಮಾತೂ ಸರಿ ಎನಿಸುತ್ತದೆ. ಬರಿ ಮಾತಿನಿಂದ ಇದು ತೀರದು. ಪಾಟಿ, ಬಳಪ ತೆಗೆದುಕೊಳ್ಳಿರಿ. ಮೂರು ವಸ್ತಿಗಳಿಗೆ ಹೋಗುವ ಕ್ರಮಗಳು ಒಟ್ಟು ಆರು. ಒಂದನ್ನೂ ಬಿಡದೆ ಬರೆಯೋಣ. ಪ್ರತಿಯೊಂದಕ್ಕೂ ಎರಡು ಲೆಕ್ಕ ಮಾಡೋಣ: ಬಾವಿಗೆ ಮರಳುವವರೆಗಿನ ಒಟ್ಟು ದೂರ ಎಷ್ಟು, ಕಡೆಯ ವಸ್ತಿಯನ್ನು ಮುಟ್ಟುವವರೆಗೆ ಟ್ಯಾಂಕರ್ ಓಡಿದ ದೂರ ಎಷ್ಟು.

1) ಹುಣಸೆ, ಬೇವು, ಗುಡ್ಡ: 2 + 4 + 9 + 8 = 23 ಕಿ.ಮೀ. ಕಡೆಯ ವಸ್ತಿಗೆ 15 ಕಿ.ಮೀ.
2) ಹುಣಸೆ, ಗುಡ್ಡ, ಬೇವು: 2 + 7 + 9 + 3 = 21 ಕಿ.ಮೀ. ಕಡೆಯ ವಸ್ತಿಗೆ 18 ಕಿ.ಮೀ.
3) ಬೇವು, ಹುಣಸೆ, ಗುಡ್ಡ: 3 + 4 + 7 + 8 = 22 ಕಿ.ಮೀ. ಕಡೆಯ ವಸ್ತಿಗೆ 14 ಕಿ.ಮೀ.
4) ಬೇವು, ಗುಡ್ಡ, ಹುಣಸೆ: 3 + 9 + 7 + 2 = 21 ಕಿ.ಮೀ. ಕಡೆಯ ವಸ್ತಿಗೆ 19 ಕಿ.ಮೀ.
5) ಗುಡ್ಡ, ಹುಣಸೆ, ಬೇವು: 8 + 7 + 4 + 3 = 22 ಕಿ.ಮೀ. ಕಡೆಯ ವಸ್ತಿಗೆ 19 ಕಿ.ಮೀ.
6) ಗುಡ್ಡ, ಬೇವು, ಹುಣಸೆ: 8 + 9 + 4 + 2 = 23 ಕಿ.ಮೀ. ಕಡೆಯ ವಸ್ತಿಗೆ 21 ಕಿ.ಮೀ.

ಈಗ ಪಟ್ಟಿಯನ್ನು ನೋಡಿರಿ. ಚಾಲಕ ಹೇಳಿದ ಕ್ರಮ ಮೊದಲನೆಯದು. ಕೇಳಲು ಅದು ಎಷ್ಟು ಸರಿಯಾಗಿತ್ತು! ಆದರೆ ಒಟ್ಟು ದೂರದಲ್ಲಿ ಅದಕ್ಕಿಂತ ಹೆಚ್ಚಿನದು ಯಾವುದೂ ಇಲ್ಲ, 23 ಕಿ.ಮೀ. ಹತ್ತಿರದ ಎರಡು ವಸ್ತಿಗಳನ್ನು ಮೊದಲೇ ಮುಗಿಸಿದ್ದರಿಂದ, ಗುಡ್ಡದಿಂದ ಮರಳುವ 8 ಕಿ.ಮೀ. ದಾರಿಯನ್ನು ಟ್ಯಾಂಕರ್ ಬರಿದಾಗಿ ಓಡಬೇಕಾಯಿತು.

ಎರಡನೆಯ ಕ್ರಮದಲ್ಲಿ ಒಂದು ಖೇಪಿಗೆ 2 ಕಿ.ಮೀ. ಉಳಿಯುತ್ತದೆ. ಅಷ್ಟೇನಾ ಎನ್ನಬೇಡಿರಿ. ದಿನಕ್ಕೆ ಮೂರು ಖೇಪು ಎಂದರೆ 6 ಕಿ.ಮೀ. 30 ದಿನಕ್ಕೆ 180 ಕಿ.ಮೀ. ಒಂದು ಲೀಟರ್ ಡೀಸೆಲ್‌ಗೆ ಟ್ಯಾಂಕರ್ 4 ಕಿ.ಮೀ. ಓಡುತ್ತದೆ ಎಂದು ಹಿಡಿದರೆ ತಿಂಗಳಿಗೆ 45 ಲೀಟರ್ ಡೀಸೆಲ್ ಉಳಿಯಿತು. ಹೊಸ ಟ್ಯಾಂಕರ್ ತರಲಿಲ್ಲ, ಹೊಸ ರಸ್ತೆ ಮಾಡಲಿಲ್ಲ. ಲೆಕ್ಕ ಮಾಡಿದ್ದಷ್ಟೇ!

ಆದರೆ ಸರಪಂಚಬಾಯಿಯವರ ಮಾತನ್ನು ಮರೆಯಬಾರದು. ಎರಡನೆಯ ಕ್ರಮದಲ್ಲಿ ಕಡೆಯ ವಸ್ತಿಯವರು ಟ್ಯಾಂಕರ್ 18 ಕಿ.ಮೀ. ಓಡುವವರೆಗೆ ಕಾಯಬೇಕು. ಮೂರನೆಯ ಕ್ರಮದಲ್ಲಿ 14 ಕಿ.ಮೀ. ಓಡುವವರೆಗೆ ಕಾದರೆ ಸಾಕು. ಹಾಗಾದರೆ ಅದಕ್ಕೆ ಹೆಚ್ಚು ಖರ್ಚೇ? ಒಂದು ಖೇಪಿಗೆ ಬರಿ 1 ಕಿ.ಮೀ. ಹೆಚ್ಚು.

ಈಗ ಹೇಳಿರಿ, ಎರಡನೆಯದು ಒಳ್ಳೆಯದೋ, ಮೂರನೆಯದೋ? ಲೆಕ್ಕ ಇದಕ್ಕೆ ಉತ್ತರ ಕೊಡುವುದಿಲ್ಲ. ಡೀಸೆಲ್ ಉಳಿಸುವುದು ಗುರಿಯಾದರೆ ಎರಡನೆಯದು. ಜನ ಕಾಯುವುದನ್ನು ಕಡಿಮೆ ಮಾಡುವುದು ಗುರಿಯಾದರೆ ಮೂರನೆಯದು. ಗುರಿ ಯಾವುದು ಎಂಬುದನ್ನು ಊರಿನವರು ಕೂಡಿ ನಿರ್ಧರಿಸಬೇಕು. ಆ ಗುರಿಯನ್ನು ಮುಟ್ಟುವ ದಾರಿಯನ್ನು ಲೆಕ್ಕ ತೋರಿಸುತ್ತದೆ. ಈ ಮಾತನ್ನು ಚೆನ್ನಾಗಿ ನೆನಪಿಡಿರಿ. ಈ ಪಾಠದ ತಿರುಳು ಇದೇ.

ಹೆಸರು ಬಂದ ಬಗೆ

ಎರಡನೆಯ ಮಹಾಯುದ್ಧದ ಹೊತ್ತಿಗೆ ಈ ಶಾಸ್ತ್ರಕ್ಕೆ ಹೆಸರು ಬಂತು. ಆಗ ಇಂಗ್ಲೆಂಡಿಗೆ ಆಹಾರ, ಎಣ್ಣೆ ಮುಂತಾದವು ಅಟ್ಲಾಂಟಿಕ್ ಸಾಗರದ ಮೇಲೆ ಹಡಗುಗಳಲ್ಲಿ ಬರುತ್ತಿದ್ದವು. ಜರ್ಮನಿಯ ಜಲಾಂತರ್ಗಾಮಿಗಳು ಅವನ್ನು ಮುಳುಗಿಸುತ್ತಿದ್ದವು. ಅದಕ್ಕಾಗಿ ಹಡಗುಗಳು ಗುಂಪು ಕಟ್ಟಿಕೊಂಡು, ಕಾವಲು ಹಡಗುಗಳ ನಡುವೆ ಸಾಗುತ್ತಿದ್ದವು. ಗುಂಪು ಚಿಕ್ಕದಿರಬೇಕೋ, ದೊಡ್ಡದಿರಬೇಕೋ? ದೊಡ್ಡ ಗುಂಪು ಶತ್ರುವಿಗೆ ಸುಲಭದ ಗುರಿ ಎಂದು ಹಲವರು ಹೆದರಿದ್ದರು.

ಪ್ಯಾಟ್ರಿಕ್ ಬ್ಲಾಕೆಟ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಹಿಂದಿನ ದಾಳಿಗಳ ಅಂಕಿಗಳನ್ನು ಕೂಡಿಸಿ ನೋಡಿದರು. ದೊಡ್ಡ ಗುಂಪಿನಲ್ಲಿ ನೂರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಹಾನಿ ಕಡಿಮೆ ಎಂದು ಕಂಡುಬಂತು. ಇದಕ್ಕೆ ಒಂದು ಕಾರಣವನ್ನು ನೀವು ಗಣಿತದ ಪುಸ್ತಕದಲ್ಲಿ ಕಲಿತಿದ್ದೀರಿ. ಬದಿ 4 ಇರುವ ಚೌಕದ ಕ್ಷೇತ್ರಫಲ 16, ಸುತ್ತಳತೆ 16. ಬದಿ 8 ಆದರೆ ಕ್ಷೇತ್ರಫಲ 64, ಸುತ್ತಳತೆ 32. ಒಳಗಿನ ಜಾಗ ನಾಲ್ಕು ಪಟ್ಟಾದರೂ ಸುತ್ತಳತೆ ಎರಡೇ ಪಟ್ಟು. ಸಾಮಾನಿನ ಹಡಗುಗಳು ಒಳಗೆ. ಕಾವಲು ಹಡಗುಗಳು ಸುತ್ತಲೂ. ಹಡಗುಗಳು ನಾಲ್ಕು ಪಟ್ಟಾದರೂ ಕಾಯಬೇಕಾದ ಅಂಚು ಎರಡೇ ಪಟ್ಟು! 1943ರಲ್ಲಿ ದೊಡ್ಡ ಗುಂಪುಗಳು ಸಾಗತೊಡಗಿದವು. ಸೈನ್ಯದ ಕಾರ್ಯಾಚರಣೆಗಳನ್ನು ಹೀಗೆ ಪರೀಕ್ಷಿಸಿದ್ದರಿಂದ ಕಾರ್ಯಾಚರಣೆ ಸಂಶೋಧನೆ ಎಂಬ ಹೆಸರು ನಿಂತಿತು. ಯುದ್ಧ ಮುಗಿದ ಮೇಲೆ ಕಾರಖಾನೆ, ರೈಲ್ವೆ, ವ್ಯಾಪಾರಗಳಲ್ಲಿಯೂ ಅದು ಬಳಕೆಗೆ ಬಂತು.

ಪಟ್ಟಿ ಬರೆಯಲಾಗದಷ್ಟು ದಾರಿಗಳು

ಮೂರು ವಸ್ತಿಗಳಿಗೆ ಆರು ಕ್ರಮ. ನಾಲ್ಕು ವಸ್ತಿಗಳಾದರೆ 24. ಐದಾದರೆ 120. ಹತ್ತು ವಸ್ತಿಗಳಾದರೆ? 36,28,800! ನಿಮಿಷಕ್ಕೆ ಒಂದರಂತೆ, ಊಟ ನಿದ್ದೆ ಬಿಟ್ಟು ಬರೆಯುತ್ತ ಕುಳಿತರೂ ಸುಮಾರು ಏಳು ವರ್ಷ ಬೇಕು. ಅಷ್ಟರಲ್ಲಿ ಎಷ್ಟು ಬೇಸಿಗೆಗಳು ಕಳೆದಿರುತ್ತವೆ! ಹಾಗಾದರೆ ಏನು ಮಾಡಬೇಕು?

ಒಂದು ಉಪಾಯ ಹೀಗಿದೆ. ನಮ್ಮ ಪಟ್ಟಿಯಲ್ಲಿ ಎರಡನೆಯ ಕ್ರಮಕ್ಕೆ 21 ಕಿ.ಮೀ. ಎಂದು ಗೊತ್ತಾಗಿದೆ. ಈಗ ಆರನೆಯ ಕ್ರಮವನ್ನು ಕೂಡಿಸುತ್ತ ಹೋಗಿರಿ. ಗುಡ್ಡ, ಬೇವು, ಹುಣಸೆ ಮುಟ್ಟುವಷ್ಟರಲ್ಲಿ 8 + 9 + 4 = 21 ಆಯಿತು. ಬಾವಿಗೆ ಮರಳುವುದು ಇನ್ನೂ ಬಾಕಿ ಇದೆ. ಅಂದಮೇಲೆ ಇದು ಗೆಲ್ಲುವುದಿಲ್ಲ, ಇಲ್ಲಿಯೇ ಬಿಟ್ಟುಬಿಡಬಹುದು. ಹತ್ತು ವಸ್ತಿಗಳಿದ್ದಾಗ ಮೊದಲ ಮೂರು ವಸ್ತಿಗಳಲ್ಲಿಯೇ ದೂರ ಮಿತಿ ಮೀರಿದರೆ, ಹಾಗೆ ಶುರುವಾಗುವ 5,040 ಕ್ರಮಗಳನ್ನು ಒಂದೇ ಏಟಿಗೆ ಕೈಬಿಡಬಹುದು. ಎಲ್ಲವನ್ನೂ ಎಣಿಸದೆ, ಗೆಲ್ಲಲಾರದವುಗಳನ್ನು ಗುಂಪುಗುಂಪಾಗಿ ಬಿಡುವುದೇ ಈ ಉಪಾಯ.

ಇಂಥ ಲೆಕ್ಕಗಳಲ್ಲಿ ದೊಡ್ಡ ಹೆಸರು ಅಮೆರಿಕದ ಜಾರ್ಜ್ ಡಾಂಟ್ಸಿಗ್ ಅವರದು. 1939ರಲ್ಲಿ ಅವರು ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಒಂದು ದಿನ ಅವರು ವರ್ಗಕ್ಕೆ ತಡವಾಗಿ ಬಂದರು. ಫಲಕದ ಮೇಲೆ ಎರಡು ಲೆಕ್ಕಗಳಿದ್ದವು. ಮನೆಗೆಲಸವಿರಬೇಕೆಂದು ಬರೆದುಕೊಂಡು ಹೋದರು. ತುಸು ಕಠಿಣವೆನಿಸಿದರೂ ಕೆಲವು ದಿನಗಳಲ್ಲಿ ಬಿಡಿಸಿ ಗುರುಗಳಿಗೆ ಒಪ್ಪಿಸಿದರು. ಆಮೇಲೆ ತಿಳಿಯಿತು: ಅವು ಅಲ್ಲಿಯವರೆಗೆ ಯಾರೂ ಬಿಡಿಸದ ಲೆಕ್ಕಗಳಾಗಿದ್ದವು!

1947ರಲ್ಲಿ ಡಾಂಟ್ಸಿಗ್ ಅವರು ಸಿಂಪ್ಲೆಕ್ಸ್ ಎಂಬ ವಿಧಾನವನ್ನು ಕಂಡುಹಿಡಿದರು. ಅದನ್ನು ಹೀಗೆ ಊಹಿಸಿಕೊಳ್ಳಿರಿ. ಹಲವು ಮೂಲೆಗಳಿರುವ ಒಂದು ದೊಡ್ಡ ಹರಳು ಇದೆ. ಒಂದೊಂದು ಮೂಲೆಯೂ ಒಂದೊಂದು ಯೋಜನೆ. ಎಲ್ಲ ಮೂಲೆಗಳನ್ನೂ ಸುತ್ತುವುದು ಬೇಡ. ಒಂದು ಮೂಲೆಯಲ್ಲಿ ನಿಂತು ಪಕ್ಕದ ಮೂಲೆಗಳನ್ನು ನೋಡಬೇಕು. ಯಾವುದು ಹೆಚ್ಚು ಒಳ್ಳೆಯದೋ ಅಲ್ಲಿಗೆ ಸರಿಯಬೇಕು. ಪಕ್ಕದಲ್ಲಿ ಇನ್ನೂ ಒಳ್ಳೆಯದು ಇಲ್ಲ ಎಂದಾಗ ನಿಲ್ಲಬೇಕು. ಈ ಬಗೆಯ ಲೆಕ್ಕಗಳಲ್ಲಿ ಆ ಮೂಲೆಯೇ ಎಲ್ಲಕ್ಕಿಂತ ಒಳ್ಳೆಯದು.

1954ರಲ್ಲಿ ಡಾಂಟ್ಸಿಗ್ ಮತ್ತು ಅವರ ಇಬ್ಬರು ಸಂಗಾತಿಗಳು ಅಮೆರಿಕದ 49 ಪಟ್ಟಣಗಳನ್ನು ಒಂದೊಂದು ಸಲ ಮುಟ್ಟಿ ಮರಳುವ ಅತಿ ಕಡಿಮೆ ದೂರದ ದಾರಿಯನ್ನು ಕಂಡುಹಿಡಿದರು. ನಮ್ಮ ಟ್ಯಾಂಕರಿನ ಲೆಕ್ಕದ ಅಣ್ಣನೇ ಅದು. ಇದಕ್ಕಿಂತ ಕಡಿಮೆ ದೂರದ ದಾರಿ ಇರಲು ಸಾಧ್ಯವೇ ಇಲ್ಲ ಎಂಬುದನ್ನೂ ಅವರು ಸಿದ್ಧಮಾಡಿ ತೋರಿಸಿದರು.

ಈ ಹಾದಿಯಲ್ಲಿ ನಡೆದವರು ಡಾಂಟ್ಸಿಗ್ ಒಬ್ಬರೇ ಅಲ್ಲ. ಅವರಿಗಿಂತ ಮೊದಲೇ, 1939ರಲ್ಲಿ, ಆಗಿನ ಸೋವಿಯತ್ ಒಕ್ಕೂಟದ ಲಿಯೊನಿಡ್ ಕಾಂಟೊರೊವಿಚ್ ಅವರು ಪ್ಲೈವುಡ್ ತಯಾರಿಕೆಯಲ್ಲಿ ಯಾವ ಯಂತ್ರಕ್ಕೆ ಯಾವ ಮರ ಎಷ್ಟು ಕೊಡಬೇಕೆಂಬ ಪ್ರಶ್ನೆಯಿಂದ ಹೊರಟು ಇಂಥದೇ ವಿಧಾನವನ್ನು ಪ್ರಕಟಿಸಿದ್ದರು. 1975ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ದೇಶದಲ್ಲಿ ಹುಟ್ಟಿ, ಮುಂಬಯಿಯ ಐ.ಐ.ಟಿ.ಯಲ್ಲಿ ಓದಿದ ನರೇಂದ್ರ ಕರ್ಮರ್ಕರ್ ಅವರು 1984ರಲ್ಲಿ ಅಮೆರಿಕದಲ್ಲಿದ್ದಾಗ ಇನ್ನೊಂದು ಹೊಸ ವಿಧಾನ ಕೊಟ್ಟರು. ಅದು ಹರಳಿನ ಅಂಚುಗಳ ಮೇಲೆ ಸುತ್ತದೆ, ಹರಳಿನ ಒಳಗಿನಿಂದಲೇ ಹಾದು ಒಳ್ಳೆಯ ಮೂಲೆಯ ಕಡೆಗೆ ಸಾಗುತ್ತದೆ. ಬಹಳ ದೊಡ್ಡ ಲೆಕ್ಕಗಳಿಗೆ ಅದು ಉಪಯೋಗಕ್ಕೆ ಬಂತು.

ಸುಮಾರು 1,900 ಲೀಟರ್ ವಿನೆಗರ್!

ಹೊಸ ವಿಧಾನವನ್ನು ಪರೀಕ್ಷಿಸಲು 1947ರಲ್ಲಿ ಒಂದು ಊಟದ ಲೆಕ್ಕ ತೆಗೆದುಕೊಂಡರು. 77 ಆಹಾರ ಪದಾರ್ಥಗಳಿವೆ. ಶರೀರಕ್ಕೆ ಬೇಕಾದ 9 ಬಗೆಯ ಪೋಷಣೆ ಸಿಗಬೇಕು. ಖರ್ಚು ಎಲ್ಲಕ್ಕಿಂತ ಕಡಿಮೆಯಾಗಬೇಕು. ಜಾರ್ಜ್ ಸ್ಟಿಗ್ಲರ್ ಎಂಬ ವಿದ್ವಾಂಸರು ಇದಕ್ಕೆ ಮೊದಲೇ ಜಾಣ ಊಹೆಯಿಂದ ವರ್ಷಕ್ಕೆ 39 ಡಾಲರ್ 93 ಸೆಂಟ್ ಎಂಬ ಉತ್ತರ ಕೊಟ್ಟಿದ್ದರು. ಒಂಬತ್ತು ಜನ ಕೈಯಿಂದ ನಡೆಸುವ ಗಣನಯಂತ್ರಗಳನ್ನು ಹಿಡಿದು ಲೆಕ್ಕ ಮಾಡಿದರು. ಅದು ಒಬ್ಬನೇ ಮಾಡಿದ್ದರೆ 120 ದಿನ ಹಿಡಿಯುವಷ್ಟು ಕೆಲಸ. ಉತ್ತರ 39 ಡಾಲರ್ 69 ಸೆಂಟ್ ಬಂತು. ಊಹೆಗೂ ಲೆಕ್ಕಕ್ಕೂ 24 ಸೆಂಟ್ ಮಾತ್ರ ಅಂತರ. ಒಳ್ಳೆಯ ಊಹೆಯನ್ನು ಹಗುರಾಗಿ ಕಾಣಬಾರದು. ಆದರೆ ಅದು ಎಷ್ಟು ಒಳ್ಳೆಯದು ಎಂದು ತಿಳಿಯಲು ಲೆಕ್ಕವೇ ಬೇಕು.

ಮುಂದೆ 1950ರ ದಶಕದಲ್ಲಿ ವೈದ್ಯರು ಡಾಂಟ್ಸಿಗ್ ಅವರಿಗೆ ತೂಕ ಇಳಿಸಲು ಹೇಳಿದರು. ಅವರು ತಮ್ಮ ಊಟವನ್ನೂ ಕಂಪ್ಯೂಟರಿಗೆ ಕೇಳಿದರು. ಹೊಟ್ಟೆ ತುಂಬಿದಂತೆ ಆಗಬೇಕು, ಆದರೆ ಮೈ ಬೆಳೆಸುವ ಕ್ಯಾಲೊರಿ ಮಿತಿ ಮೀರಬಾರದು ಎಂಬುದು ಪ್ರಶ್ನೆ. ಕಂಪ್ಯೂಟರ್ ಕೊಟ್ಟ ಪಟ್ಟಿಯಲ್ಲಿ 500 ಗ್ಯಾಲನ್, ಅಂದರೆ ಸುಮಾರು 1,900 ಲೀಟರ್ ವಿನೆಗರ್ ಇತ್ತು! ವಿನೆಗರ್ ಎಂದರೆ ಉಪ್ಪಿನಕಾಯಿಗೆ ಹಾಕುವ ಹುಳಿ ದ್ರವ. ಅದರಲ್ಲಿ ಕ್ಯಾಲೊರಿ ಇಲ್ಲವೆಂದು ಪಟ್ಟಿ ಹೇಳಿತ್ತು. ಇಷ್ಟಕ್ಕಿಂತ ಹೆಚ್ಚು ಬೇಡ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಕಂಪ್ಯೂಟರ್ ತಪ್ಪು ಮಾಡಿತೇ? ಇಲ್ಲ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟಿತು. ಒಂದು ಷರತ್ತನ್ನು ಹೇಳುವುದು ಬಿಟ್ಟುಹೋಗಿತ್ತು. ನಮ್ಮ ಟ್ಯಾಂಕರಿನ ವಿಷಯವೂ ಹಾಗೆಯೇ ಅಲ್ಲವೇ? ಬರಿ ಡೀಸೆಲ್ ಎಂದು ಕೇಳಿದರೆ ಲೆಕ್ಕವು ಡೀಸೆಲನ್ನೇ ಉಳಿಸುತ್ತದೆ. ಬಿಸಿಲಿನಲ್ಲಿ ನಿಂತವರು ಅದಕ್ಕೆ ಕಾಣುವುದಿಲ್ಲ. ಅವರನ್ನು ಲೆಕ್ಕದೊಳಗೆ ತರಬೇಕಾದವರು ನಾವು.

ಮೂರು ಪ್ರಶ್ನೆಗಳು

ಯಾವ ಬಸ್ಸಿಗೆ ಯಾವ ಚಾಲಕ, ಯಾವ ಹೊಲಕ್ಕೆ ಯಾವ ದಿನ ನೀರು, ಯಾವ ಗೋದಾಮಿನಿಂದ ಯಾವ ಊರಿಗೆ ಧಾನ್ಯ: ಎಲ್ಲ ಕಡೆ ಕೇಳಬೇಕಾದ ಪ್ರಶ್ನೆಗಳು ಮೂರೇ. ನಮಗೆ ಏನು ಬೇಕು? ನಮ್ಮ ಮಿತಿಗಳು ಯಾವುವು? ಯಾವ ಯಾವ ದಾರಿಗಳಿವೆ, ಅವುಗಳಲ್ಲಿ ಯಾವುದು ಮೇಲು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳುತ್ತಾರೆ. ಮಿತಿಯನ್ನು ಅರಿತು ನಡೆಯಿರಿ ಎಂಬುದು ಅದರ ಅರ್ಥ. ಒಂದೇ ಹಾಸಿಗೆಯಲ್ಲಿ ಮೂವರು ಮಲಗಬೇಕಾದಾಗ ಯಾರಿಗೂ ತೊಂದರೆಯಾಗದಂತೆ ಮಲಗುವುದು ಹೇಗೆ ಎಂಬುದನ್ನು ಈ ಶಾಸ್ತ್ರ ಕಲಿಸುತ್ತದೆ.

ಶಬ್ದಾರ್ಥ

ವಸ್ತಿ – ಊರಿನಿಂದ ದೂರ, ಹೊಲಗಳಲ್ಲಿ ಇರುವ ಮನೆಗಳ ಗುಂಪು
ಖೇಪು – ವಾಹನದ ಒಂದು ಸಲದ ಸುತ್ತು
ಜಲಾಂತರ್ಗಾಮಿ – ನೀರಿನ ಒಳಗೆ ಸಾಗುವ ಹಡಗು
ಷರತ್ತು – ಕರಾರು, ಪಾಲಿಸಲೇಬೇಕಾದ ಮಾತು
ತಿರುಳು – ಸಾರ
ಪಾರಿತೋಷಕ – ಬಹುಮಾನ

ಸ್ವಾಧ್ಯಾಯ

ಪ್ರ. 1. ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1) ಜೋಳದ ಡಬ್ಬಿಯನ್ನು ಗಿರಣಿಯಲ್ಲಿ ಮೊದಲು ಇಡುವುದರಿಂದ ಏನು ಲಾಭ?
2) ಮೂರು ವಸ್ತಿಗಳಿಗೆ ಎಷ್ಟು ಕ್ರಮಗಳಲ್ಲಿ ಹೋಗಬಹುದು?
3) ಸಿಂಪ್ಲೆಕ್ಸ್ ವಿಧಾನವನ್ನು ಯಾರು, ಯಾವಾಗ ಕಂಡುಹಿಡಿದರು?
4) ಊಟದ ಪಟ್ಟಿಯಲ್ಲಿ ಅಷ್ಟು ವಿನೆಗರ್ ಏಕೆ ಬಂತು?

ಪ್ರ. 2. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1) ಚಾಲಕನ ಉಪಾಯದಲ್ಲಿ ಕೊರತೆ ಏನಿತ್ತು?
2) ದೊಡ್ಡ ಗುಂಪಿನ ಹಡಗುಗಳನ್ನು ಕಾಯುವುದು ಏಕೆ ಸುಲಭ?
3) ನೀವು ಗ್ರಾಮಸಭೆಯಲ್ಲಿದ್ದರೆ ಎರಡನೆಯ ಕ್ರಮವನ್ನು ಆರಿಸುತ್ತೀರೋ, ಮೂರನೆಯದನ್ನೋ? ಕಾರಣ ಕೊಡಿರಿ.

ಪ್ರ. 3. ಲೆಕ್ಕ ಮಾಡಿರಿ.
ಹುಣಸೆ ವಸ್ತಿಯಿಂದ ಗುಡ್ಡದ ವಸ್ತಿಗೆ ಹೋಗುವ ದಾರಿಯ ಸೇತುವೆ ಮುರಿದಿದೆ. ಈಗ ಬಾವಿಯ ಮೇಲಿಂದ ಸುತ್ತಿ 10 ಕಿ.ಮೀ. ಹೋಗಬೇಕು. ಆರು ಕ್ರಮಗಳನ್ನು ಮತ್ತೆ ಕೂಡಿಸಿರಿ. ಒಟ್ಟು ದೂರ ಎಲ್ಲಕ್ಕಿಂತ ಕಡಿಮೆ ಯಾವುದರಲ್ಲಿ? ಚಾಲಕನ ಮಾತು ಈಗ ಸರಿಯೇ?

ಪ್ರ. 4. ಸ್ವಂತ ವಾಕ್ಯಗಳಲ್ಲಿ ಉಪಯೋಗಿಸಿರಿ.
ಕೈಕೊಡು, ಒಂದೇ ಏಟಿಗೆ, ಮಿತಿ ಮೀರು, ಹಗುರಾಗಿ ಕಾಣು

ಉಪಕ್ರಮ

ನಿಮ್ಮ ಮನೆ, ಶಾಲೆ, ಅಂಗಡಿ, ಗಿರಣಿ ಇವುಗಳ ನಡುವಿನ ದೂರವನ್ನು ಹೆಜ್ಜೆಗಳಿಂದ ಅಳೆಯಿರಿ. ಮನೆಯಿಂದ ಹೊರಟು ಮೂರೂ ಕಡೆ ಹೋಗಿ ಮರಳುವ ಆರು ಕ್ರಮಗಳ ಪಟ್ಟಿ ಮಾಡಿರಿ. ನೀವು ದಿನಾಲು ಹೋಗುವ ಕ್ರಮ ಎಷ್ಟನೆಯದು ಎಂದು ವರ್ಗದಲ್ಲಿ ಹೇಳಿರಿ.